ಜ್ವರ ಇಳಿದ ಮೇಲೆ ಕಿವಿ ಮಂದವಾದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ವೈರಸ್ ಸೋಂಕು ಮತ್ತು ಕಿವಿಯ ಆರೋಗ್ಯದ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವನ್ನು ಬರೆದವರು ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಮನೆಗೆ ಮರಳಿದವರು ಅಥವಾ ಅವರನ್ನು ನೋಡಿಕೊಂಡವರು. ಅವುಗಳಿಂದ ಆಯ್ದ ಆರು ಪ್ರಶ್ನೆಗಳಿಗೆ ನಮ್ಮ ಕಿವಿ, ಮೂಗು, ಗಂಟಲು ತಜ್ಞರು ಇಲ್ಲಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಮತ್ತು ಊರನ್ನು ಎಂದಿನಂತೆ ಪ್ರಕಟಿಸುತ್ತಿಲ್ಲ.

ಪ್ರಶ್ನೆ: ನನ್ನ ತಂದೆಗೆ 66 ವರ್ಷ. ಕೋವಿಡ್‌ನಿಂದ ನ್ಯುಮೋನಿಯಾ ಆಗಿ 19 ದಿನ ಆಸ್ಪತ್ರೆಯಲ್ಲಿದ್ದರು. ಅದರಲ್ಲಿ ಏಳು ದಿನ ಐಸಿಯುನಲ್ಲಿ ಕಳೆದರು. ಮನೆಗೆ ಬಂದ ಮೇಲೆ ಟಿವಿಯ ಸದ್ದನ್ನು ವಿಪರೀತ ಏರಿಸುತ್ತಾರೆ, ಪಕ್ಕದಲ್ಲೇ ಕುಳಿತು ಮಾತನಾಡಿದರೂ ‘ಏನಂದೆ?’ ಎಂದು ಕೇಳುತ್ತಾರೆ. ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತದೆಯಂತೆ. ‘ವೈರಸ್ ಕಿವಿಯ ನರಕ್ಕೆ ಇಳಿದಿದೆ, ಇನ್ನೇನೂ ಮಾಡಲಾಗದು’ ಎಂದು ಬಂದವರೆಲ್ಲ ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: ಬಂದವರು ಹೇಳಿದ್ದರಲ್ಲಿ ಮೊದಲ ಮಾತು ನಿಜವಿರಬಹುದು, ಇಲ್ಲದೆಯೂ ಇರಬಹುದು. ಎರಡನೆಯ ಮಾತನ್ನಂತೂ ಪರೀಕ್ಷೆಯಾಗುವ ಮೊದಲೇ ಯಾರೂ ಹೇಳಬಾರದು. ನಿಮ್ಮ ತಂದೆಯವರಿಗೆ ಇನ್ನೂ ಯಾವ ಪರೀಕ್ಷೆಯೂ ಆಗಿಲ್ಲವೆಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ ಕಾಕ್ಲಿಯಾ ಎಂಬ ಪುಟ್ಟ ಅಂಗವಿದೆ. ಸದ್ದಿನ ಅಲೆಗಳನ್ನು ನರದ ಸಂಕೇತಗಳನ್ನಾಗಿ ಮಾರ್ಪಡಿಸುವ ರೋಮಕೋಶಗಳು ಇರುವುದು ಇದರೊಳಗೆ. ಒಂದು ಕಿವಿಗೆ ಇವು ಸುಮಾರು 15,000 ಮಾತ್ರ. ಮನುಷ್ಯರಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಇದರ ಜೊತೆಗೆ ಒಳಗಿವಿಗೆ ರಕ್ತ ಒದಗಿಸುವುದು ಕೂದಲೆಳೆಯಂತಹ ಒಂದೇ ರಕ್ತನಾಳ. ಅದು ಕಟ್ಟಿಕೊಂಡರೆ ರಕ್ತ ಬರಲು ಬೇರೆ ದಾರಿಯಿಲ್ಲ. ವೈರಸ್‌ಗಳು ಈ ಅಂಗವನ್ನು ಹಲವು ದಾರಿಗಳಿಂದ ಕಾಡುತ್ತವೆ. ಕೆಲವು ನೇರವಾಗಿ ಒಳಗಿವಿಯ ಕೋಶಗಳಿಗೇ ಸೋಂಕು ತಗುಲಿಸುತ್ತವೆ. ಕೆಲವು ಸೋಂಕುಗಳಲ್ಲಿ ವೈರಸ್ಸಿಗಿಂತ ಅದರ ವಿರುದ್ಧ ಹೋರಾಡುವ ನಮ್ಮ ರೋಗನಿರೋಧಕ ವ್ಯವಸ್ಥೆಯ ಉರಿಯೂತವೇ ಹೆಚ್ಚು ಹಾನಿ ಮಾಡುತ್ತದೆ. ಇನ್ನು ಕೆಲವು ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸಿ ಆ ಒಂದೇ ರಕ್ತನಾಳಕ್ಕೆ ಅಪಾಯ ತರಬಲ್ಲವು.

ಹಾಗಾದರೆ ಕೋವಿಡ್ ವೈರಸ್ ಕಿವಿಯನ್ನು ಕೆಡಿಸುತ್ತದೆಯೇ? 2021ರಲ್ಲಿ ಪ್ರಕಟವಾದ ಒಂದು ಪ್ರಯೋಗಾಲಯದ ಅಧ್ಯಯನವು ಮನುಷ್ಯರ ಒಳಗಿವಿಯ ಅಂಗಾಂಶದ ಕೆಲವು ಕೋಶಗಳಿಗೆ ಈ ವೈರಸ್ ಸೋಂಕು ತಗುಲಿಸಬಲ್ಲದು ಎಂದು ತೋರಿಸಿತು. ಕೋವಿಡ್ ಆದವರಲ್ಲಿ ಒಂದು ಕಿವಿ ಹಠಾತ್ತಾಗಿ ಕೇಳಿಸದಂತಾದ ಪ್ರಕರಣಗಳೂ ವರದಿಯಾಗಿವೆ. ಆದರೆ ‘ಆಗಬಲ್ಲದು’ ಎಂಬುದಕ್ಕೂ ‘ಈ ರೋಗಿಯಲ್ಲಿ ಅದೇ ಆಗಿದೆ’ ಎಂಬುದಕ್ಕೂ ಬಹಳ ಅಂತರವಿದೆ. ಈ ಅಂತರವನ್ನು ಅರ್ಥಮಾಡಿಕೊಳ್ಳಲು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಒಂದೇ ತಂಡದವರು ನಡೆಸಿದ ಎರಡು ಅಧ್ಯಯನಗಳನ್ನು ನೋಡಬೇಕು. 2020ರಲ್ಲಿ ಅವರು ಕೋವಿಡ್‌ನಿಂದ ಆಸ್ಪತ್ರೆ ಸೇರಿ ಮನೆಗೆ ಮರಳಿದ್ದ 121 ವಯಸ್ಕರನ್ನು, ಬಿಡುಗಡೆಯಾಗಿ ಸುಮಾರು ಎಂಟು ವಾರಗಳ ನಂತರ ದೂರವಾಣಿಯಲ್ಲಿ ವಿಚಾರಿಸಿದರು. 16 ಮಂದಿ, ಅಂದರೆ ನೂರಕ್ಕೆ 13ರಷ್ಟು ಜನ, ತಮ್ಮ ಕೇಳುವ ಶಕ್ತಿ ಕುಂದಿದೆ ಅಥವಾ ಕಿವಿಯಲ್ಲಿ ಸದ್ದು ಬರುತ್ತಿದೆ ಎಂದರು. ಈ ಅಂಕಿ ಎಲ್ಲೆಡೆ ಸುದ್ದಿಯಾಯಿತು. ಆದರೆ ಅದು ರೋಗಿಗಳು ಬಾಯಿಮಾತಿನಲ್ಲಿ ಹೇಳಿದ್ದು ಮಾತ್ರವಾಗಿತ್ತು. ಆನಂತರ ಅದೇ ತಂಡ ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದವರನ್ನೂ ಬೇರೆ ಕಾಯಿಲೆಗಳಿಗಾಗಿ ಆಸ್ಪತ್ರೆ ಸೇರಿದ್ದವರನ್ನೂ ಕರೆಸಿ, ಇಬ್ಬರ ಕಿವಿಗಳನ್ನೂ ಉಪಕರಣಗಳಿಂದ ಪರೀಕ್ಷಿಸಿ ಹೋಲಿಸಿತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಂಡುಬರಲಿಲ್ಲ.

ಇಂತಹ ಹೋಲಿಕೆ ಪ್ರತಿ ಸಲವೂ ವೈರಸ್ಸನ್ನು ಆರೋಪದಿಂದ ಬಿಡಿಸುತ್ತದೆ ಎಂದು ಭಾವಿಸಬೇಡಿ. ಪಶ್ಚಿಮ ಆಫ್ರಿಕಾದಲ್ಲಿ ಇಲಿಗಳಿಂದ ಹರಡುವ ಲಾಸಾ ಜ್ವರ ಎಂಬ ವೈರಸ್ ಕಾಯಿಲೆಯಿದೆ. ಸಿಯೆರಾ ಲಿಯೋನ್‌ನಲ್ಲಿ ಜ್ವರದಿಂದ ಆಸ್ಪತ್ರೆ ಸೇರಿದವರನ್ನು ಹೀಗೆಯೇ ಹೋಲಿಸಿ ನೋಡಿದಾಗ, ಲಾಸಾ ಖಚಿತವಾದವರಲ್ಲಿ ನೂರಕ್ಕೆ 29 ಮಂದಿಗೆ ಕಿವಿ ಮಂದವಾಗಿತ್ತು. ಬೇರೆ ಜ್ವರಗಳಿಂದ ಮಲಗಿದ್ದವರಲ್ಲಿ ಒಬ್ಬರಿಗೂ ಆಗಿರಲಿಲ್ಲ. 1990ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹಾನಿಗೂ ಜ್ವರದ ತೀವ್ರತೆಗೂ ಸಂಬಂಧ ಕಾಣಲಿಲ್ಲ. ಕಿವಿ ಕೆಡುತ್ತಿದ್ದದ್ದು ಬಹುಮಟ್ಟಿಗೆ ಜ್ವರ ಇಳಿದು ರೋಗಿ ಚೇತರಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ. ಆದ್ದರಿಂದಲೇ ವೈರಸ್ಸಿಗಿಂತ ದೇಹದ ಪ್ರತಿರೋಧವೇ ಅಲ್ಲಿ ಹಾನಿಗೆ ಕಾರಣ ಎಂದು ತಜ್ಞರು ಊಹಿಸುತ್ತಾರೆ. ಅಂದರೆ ಒಂದು ವೈರಸ್ಸಿನ ಬಗ್ಗೆ ಹೇಳಿದ್ದನ್ನು ಇನ್ನೊಂದಕ್ಕೆ ಅನ್ವಯಿಸುವಂತಿಲ್ಲ.

ಈಗ ನಿಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. 19 ದಿನಗಳಲ್ಲಿ ಅವರ ಕಿವಿಗೆ ವೈರಸ್ ಅಲ್ಲದೆ ಇನ್ನೂ ಏನೇನು ತಾಕಿರಬಹುದೆಂದು ಯೋಚಿಸಿ. ಮೊದಲನೆಯದಾಗಿ ಔಷಧಗಳು. ತೀವ್ರ ಸೋಂಕಿಗೆ ಕೊಡುವ ಜೆಂಟಾಮೈಸಿನ್, ಅಮಿಕಾಸಿನ್ ಮುಂತಾದ ಪ್ರತಿಜೀವಕಗಳು ರೋಮಕೋಶಗಳನ್ನು ಕೊಲ್ಲಬಲ್ಲವು. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದಾಗ, ಅಥವಾ ಮೈಯಲ್ಲಿ ತುಂಬಿದ ನೀರನ್ನು ಇಳಿಸಲು ಕೊಡುವ ಫ್ಯೂರೋಸಿಮೈಡ್ ಜೊತೆಗಿದ್ದಾಗ ಅಪಾಯ ಹೆಚ್ಚು. ಕೆಲವರ ಮೈಟೊಕಾಂಡ್ರಿಯಾದ ವಂಶವಾಹಿಯಲ್ಲಿ ಇರುವ ಒಂದು ಸಣ್ಣ ಬದಲಾವಣೆಯಿಂದಾಗಿ ಈ ಔಷಧಗಳ ಕೆಲವೇ ಡೋಸ್‌ಗಳಿಂದಲೂ ಕಿವಿ ಕೆಡುವುದುಂಟು. ಹಾನಿ ಔಷಧ ನಿಲ್ಲಿಸಿ ಕೆಲವು ವಾರಗಳ ನಂತರವೂ ಕಾಣಿಸಿಕೊಳ್ಳಬಹುದು. ಇಷ್ಟು ಓದಿ ಆ ಔಷಧವನ್ನು ಏಕೆ ಕೊಟ್ಟರೆಂದು ದಯವಿಟ್ಟು ಕೋಪಗೊಳ್ಳಬೇಡಿ. ಜೀವ ಉಳಿಸಲು ಅದನ್ನು ಕೊಡಲೇಬೇಕಾದ ಸಂದರ್ಭಗಳು ಬರುತ್ತವೆ. ಆದರೆ ಕೊಟ್ಟ ಮೇಲೆ ಕಿವಿಯನ್ನು ಪರೀಕ್ಷಿಸಿ ನೋಡುವ ಹೊಣೆಯೂ ಇರುತ್ತದೆ.

ಎರಡನೆಯದು ನಡುಗಿವಿ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಗಾಳಿ ಸಾಗಿಸುವ ಒಂದು ಸಣ್ಣ ನಾಳವಿದೆ. ಮೂಗಿನಿಂದ ಹೊಟ್ಟೆಗೆ ಹಾಕಿದ ಆಹಾರದ ನಳಿಕೆ, ಉಸಿರಾಟದ ನಳಿಕೆ, ದಿನಗಟ್ಟಲೆ ಅಂಗಾತ ಮಲಗಿರುವುದು, ಮೂಗಿನ ಊತ ಇವುಗಳಿಂದ ಆ ನಾಳ ಮುಚ್ಚಿಕೊಂಡು ತಮಟೆಯ ಹಿಂದೆ ನೀರು ತುಂಬುತ್ತದೆ. ಇದು ಸಂಪೂರ್ಣವಾಗಿ ಗುಣವಾಗುವ ತೊಂದರೆ. ಇನ್ನು ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿರುವುದಂತೂ ಹಿರಿಯರಲ್ಲಿ ತೀರಾ ಸಾಮಾನ್ಯ. ಕೊನೆಯದಾಗಿ, ಮನೆಯವರಿಗೆ ಹೇಳಲು ನನಗೆ ಸದಾ ಸಂಕೋಚವಾಗುವ ಒಂದು ಮಾತಿದೆ: 66ರ ವಯಸ್ಸಿನಲ್ಲಿ ಕಿವಿ ಮೊದಲೇ ಸ್ವಲ್ಪ ಮಂದವಾಗಿದ್ದು, ತುಟಿಯ ಚಲನೆ ನೋಡಿ, ಸಂದರ್ಭ ಊಹಿಸಿ ಅದನ್ನು ಸರಿದೂಗಿಸಿಕೊಳ್ಳುತ್ತಿದ್ದವರಿಗೆ ಕಾಯಿಲೆಯ ಆಯಾಸದಲ್ಲಿ ಆ ಶಕ್ತಿ ಉಳಿದಿರುವುದಿಲ್ಲ. ಆಗ ಹಳೆಯ ತೊಂದರೆಯೇ ಹೊಸದಾಗಿ ಕಾಣುತ್ತದೆ.

ಮನೆಯಲ್ಲೇ ಒಂದನ್ನು ಗಮನಿಸಿ. ‘ಹಾಲು’, ‘ಕಾಲು’, ‘ಸಾಲು’, ‘ಪಾಲು’ ಈ ನಾಲ್ಕು ಪದಗಳನ್ನು ಅವರ ಬೆನ್ನ ಹಿಂದೆ ನಿಂತು ಒಂದೊಂದಾಗಿ ಸಹಜ ದನಿಯಲ್ಲಿ ಹೇಳಿ, ಪ್ರತಿಯೊಂದನ್ನೂ ಅವರಿಂದ ಹೇಳಿಸಿ. ಔಷಧದ ಹಾನಿಯೂ ವಯಸ್ಸಿನ ಹಾನಿಯೂ ಮೊದಲು ತಾಕುವುದು ಹೆಚ್ಚಿನ ಕಂಪನಾಂಕದ, ಅಂದರೆ ಕೀರಲು ಸದ್ದುಗಳನ್ನು ಗ್ರಹಿಸುವ ಕೋಶಗಳಿಗೆ. ಆದ್ದರಿಂದ ಸ್ವರಗಳು ಕೇಳಿಸುತ್ತವೆ, ವ್ಯಂಜನಗಳು ಜಾರಿಹೋಗುತ್ತವೆ. ‘ಆಲು’ ಎಂಬುದಷ್ಟೇ ಉಳಿದು ಮೊದಲ ವ್ಯಂಜನವನ್ನು ಅವರು ಊಹಿಸುತ್ತಾರೆ. ‘ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎಂದು ರೋಗಿಗಳು ಹೇಳುವುದು ಇದನ್ನೇ. ಇದು ಪರೀಕ್ಷೆಗೆ ಬದಲಿಯಲ್ಲ. ಆದರೆ ಅವರು ಬೇಕೆಂದೇ ಗಮನ ಕೊಡುತ್ತಿಲ್ಲ ಎಂಬ ಬೇಸರ ಮನೆಯಲ್ಲಿದ್ದರೆ ಅದನ್ನು ಹೋಗಲಾಡಿಸುತ್ತದೆ.

ಈ ವಾರವೇ ಅವರನ್ನು ಕಿವಿ ತಜ್ಞರ ಬಳಿ ಕರೆದುಕೊಂಡು ಹೋಗಿ. ಡಿಸ್ಚಾರ್ಜ್ ಸಮ್ಮರಿಯನ್ನು ಮರೆಯದೆ ಒಯ್ಯಿರಿ. ಅದರಲ್ಲಿ ಔಷಧಗಳ ಪಟ್ಟಿ ಪೂರ್ತಿ ಇಲ್ಲದಿದ್ದರೆ ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಕಿವಿಯೊಳಗೆ ಬೆಳಕು ಹಾಕಿ ನೋಡುವುದು, ನಡುಗಿವಿಯ ಒತ್ತಡ ಅಳೆಯುವ ಟಿಂಪನೋಮೆಟ್ರಿ, ಯಾವ ಕಂಪನಾಂಕದಲ್ಲಿ ಎಷ್ಟು ಡೆಸಿಬೆಲ್ ಕೇಳಿಸುತ್ತದೆಂದು ತೋರಿಸುವ ಆಡಿಯೋಗ್ರಾಂ, ಈ ಮೂರರಿಂದಲೇ ಮೇಲಿನ ಸಾಧ್ಯತೆಗಳಲ್ಲಿ ಹೆಚ್ಚಿನವು ಬೇರೆಬೇರೆಯಾಗುತ್ತವೆ. ಹಾನಿ ಒಳಗಿವಿಯದ್ದೇ ಎಂದು ಖಚಿತವಾದರೂ ‘ಏನೂ ಮಾಡಲಾಗದು’ ಎಂಬುದು ಸುಳ್ಳು. ಸರಿಯಾಗಿ ಹೊಂದಿಸಿದ ಶ್ರವಣ ಸಾಧನ ಮಾತನ್ನು ಮರಳಿ ಕೊಡುತ್ತದೆ, ಬಹಳಷ್ಟು ಜನರಲ್ಲಿ ಆ ಗುಂಯ್ ಸದ್ದಿನ ಕಾಟವನ್ನೂ ತಗ್ಗಿಸುತ್ತದೆ.

ಪ್ರಶ್ನೆ: ನನಗೆ 38 ವರ್ಷ. ವೈರಲ್ ಜ್ವರಕ್ಕಾಗಿ ಆಸ್ಪತ್ರೆಯಲ್ಲಿದ್ದಾಗ ಮೂರನೆಯ ದಿನ ಬೆಳಿಗ್ಗೆ ಏಳುವಾಗ ಬಲಗಿವಿ ಮುಚ್ಚಿಕೊಂಡಂತಿತ್ತು, ಒಳಗೆ ಒಂದೇ ಸಮನೆ ಶಿಳ್ಳೆ ಹೊಡೆದಂತೆ ಸದ್ದು. ‘ನೆಗಡಿಯಿಂದ ಹೀಗಾಗುತ್ತದೆ, ತಾನಾಗಿಯೇ ಹೋಗುತ್ತದೆ’ ಎಂದು ಮೂಗಿಗೆ ಹನಿ ಕೊಟ್ಟು ಕಳುಹಿಸಿದರು. ಈಗ ನಾಲ್ಕು ವಾರವಾಗಿದೆ, ಆ ಕಿವಿಗೆ ಫೋನ್ ಹಿಡಿದರೆ ಏನೂ ಕೇಳಿಸದು. ತಡವಾಯಿತೇ?

ಉತ್ತರ: ಪತ್ರ ತಲುಪಿದ ದಿನವೇ ನಿಮಗೆ ಪ್ರತ್ಯೇಕವಾಗಿ ಉತ್ತರಿಸಿದ್ದೇನೆ, ಮುದ್ರಣವಾಗುವವರೆಗೆ ಕಾಯುವಂತಹ ಪ್ರಶ್ನೆ ಇದಲ್ಲ. ಇತರರಿಗೂ ತಿಳಿದಿರಲೆಂದು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

72 ಗಂಟೆಗಳೊಳಗೆ, ಅಕ್ಕಪಕ್ಕದ ಮೂರು ಕಂಪನಾಂಕಗಳಲ್ಲಿ 30 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಕೇಳುವ ಶಕ್ತಿ ಕುಂದಿದರೆ, ಮತ್ತು ಆ ತೊಂದರೆ ಒಳಗಿವಿಯದ್ದು ಅಥವಾ ನರದ್ದಾಗಿದ್ದರೆ, ಅದನ್ನು ಹಠಾತ್ ಶ್ರವಣನಷ್ಟ ಎನ್ನುತ್ತೇವೆ. ಇದು ಕಿವಿಯ ತುರ್ತುಸ್ಥಿತಿ. ಹತ್ತರಲ್ಲಿ ಒಂಬತ್ತು ರೋಗಿಗಳಲ್ಲಿ ನಿಖರವಾದ ಕಾರಣ ಸಿಗುವುದಿಲ್ಲ. ವೈರಸ್ ಸೋಂಕು ಬಲವಾದ ಶಂಕಿತರಲ್ಲಿ ಒಂದು. ಚಿಕಿತ್ಸೆಯಿಲ್ಲದೆಯೂ ಮೂರನೆಯ ಒಂದು ಭಾಗದಿಂದ ಮೂರನೆಯ ಎರಡು ಭಾಗದಷ್ಟು ಜನರಲ್ಲಿ ಅಷ್ಟಿಷ್ಟು ಚೇತರಿಕೆ ಕಾಣುತ್ತದೆ. ‘ತಾನಾಗಿಯೇ ಹೋಗುತ್ತದೆ’ ಎಂಬ ಮಾತಿಗೆ ಇರುವ ಆಧಾರ ಇಷ್ಟೇ. ಉಳಿದವರಿಗೆ ಆ ಮಾತು ಬಹಳ ದುಬಾರಿಯಾಗುತ್ತದೆ. ಸ್ಟೀರಾಯ್ಡ್ ಚಿಕಿತ್ಸೆಯಿಂದ ಹೆಚ್ಚಿನ ಪ್ರಯೋಜನ ಸಿಗುವುದು ಮೊದಲ ಎರಡು ವಾರಗಳಲ್ಲಿ ಆರಂಭಿಸಿದಾಗ; ಬೇಗನೆ ಆರಂಭಿಸಿದಷ್ಟೂ ಒಳ್ಳೆಯದು.

ನೆಗಡಿಯಿಂದ ಕಿವಿ ಕಟ್ಟಿದ್ದನ್ನೂ ಒಳಗಿವಿಯ ಹಾನಿಯನ್ನೂ ಹಾಸಿಗೆಯ ಪಕ್ಕದಲ್ಲೇ ಬೇರ್ಪಡಿಸಬಹುದಿತ್ತು ಎಂಬುದು ನನಗೆ ನೋವುಂಟುಮಾಡುತ್ತದೆ. 512 ಹರ್ಟ್ಸ್‌ನ ಶ್ರುತಿಕವೆಯನ್ನು ತಟ್ಟಿ ರೋಗಿಯ ಹಣೆಯ ನಡುವೆ ಇಟ್ಟರೆ, ನಡುಗಿವಿ ಅಥವಾ ಹೊರಗಿವಿ ಕಟ್ಟಿದ್ದಾಗ ಸದ್ದು ಮುಚ್ಚಿದ ಕಿವಿಯ ಕಡೆಗೆ ಜೋರಾಗಿ ಕೇಳುತ್ತದೆ. ಒಳಗಿವಿ ಕೆಟ್ಟಿದ್ದರೆ ಒಳ್ಳೆಯ ಕಿವಿಯ ಕಡೆಗೆ. ಶ್ರುತಿಕವೆ ಕೈಯಲ್ಲಿ ಇಲ್ಲವೆಂದರೆ ಬಾಯಿ ಮುಚ್ಚಿ ‘ಮ್’ ಎಂದು ಗುನುಗಲು ಹೇಳಿದರೂ ಸಾಕು. ಎರಡೂ ಕಿವಿ ಚೆನ್ನಾಗಿರುವ ಓದುಗರೇ, ಒಂದು ಬೆರಳನ್ನು ಬಲಗಿವಿಗೆ ಒತ್ತಿಕೊಂಡು ನೀವೇ ಗುನುಗಿ ನೋಡಿ. ಸದ್ದು ಬಲಗಡೆಗೇ ಸರಿಯುತ್ತದೆ, ಏಕೆಂದರೆ ನಿಮ್ಮ ಬೆರಳು ಆ ಕಿವಿಯನ್ನು ಕಟ್ಟಿದೆ. ಬೆರಳಿಡದೆ ಗುನುಗಿದಾಗ, ಮಂದವಾದ ಕಿವಿಯನ್ನು ಬಿಟ್ಟು ಸದ್ದು ಎದುರಿನ ಕಿವಿಗೆ ಹೋದರೆ ಅದು ನೆಗಡಿಯ ಕಟ್ಟುವಿಕೆಯಲ್ಲ, ಆ ದಿನವೇ ತಜ್ಞರನ್ನು ಕಾಣಬೇಕು. ಯಾವ ವಾರ್ಡಿನಲ್ಲಾದರೂ ಅರೆ ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು.

ನಾಲ್ಕು ವಾರವಾಗಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಸ್ಟೀರಾಯ್ಡನ್ನು ಸೂಕ್ಷ್ಮವಾದ ಸೂಜಿಯಿಂದ ತಮಟೆಯ ಮೂಲಕ ನೇರವಾಗಿ ನಡುಗಿವಿಗೆ ಕೊಡುವ ವಿಧಾನವನ್ನು, ಪೂರ್ತಿ ಚೇತರಿಸಿಕೊಳ್ಳದವರಿಗೆ, ತೊಂದರೆ ಆರಂಭವಾದ ಆರು ವಾರಗಳವರೆಗೂ ಪರಿಗಣಿಸಲಾಗುತ್ತದೆ. ಹೋದ ಶ್ರವಣ ಪೂರ್ತಿ ಮರಳುತ್ತದೆಂಬ ಭರವಸೆ ಕೊಡಲಾರೆ, ಪ್ರಯತ್ನಿಸದೆ ಬಿಡಬಾರದು ಎನ್ನುತ್ತೇನೆ. ಜೊತೆಗೆ ಎಂಆರ್‌ಐ ಸ್ಕ್ಯಾನ್ ಮಾಡಿಸಿ. ಕಿವಿಯ ನರದ ಮೇಲೆ ಬೆಳೆಯುವ, ಕ್ಯಾನ್ಸರ್ ಅಲ್ಲದ ಒಂದು ಗಡ್ಡೆ ಕೆಲವೊಮ್ಮೆ ಹೀಗೆ ಹಠಾತ್ತಾಗಿ ಕಾಣಿಸಿಕೊಳ್ಳುತ್ತದೆ, ಅದಿಲ್ಲವೆಂದು ಖಾತ್ರಿಯಾಗಬೇಕು. ವೈರಸ್ ನಿರೋಧಕ ಮಾತ್ರೆ ಬೇಕೇ ಎಂದೂ ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಹಠಾತ್ ಶ್ರವಣನಷ್ಟದಲ್ಲಿ ಅವುಗಳಿಂದ ಲಾಭವಾಗುವುದು ಸಾಬೀತಾಗಿಲ್ಲ, ಆದ್ದರಿಂದ ಅವನ್ನು ವಾಡಿಕೆಯಾಗಿ ಕೊಡುವುದಿಲ್ಲ. ಇದಕ್ಕೆ ಒಂದು ಮುಖ್ಯವಾದ ಅಪವಾದವಿದೆ, ಅದು ಮುಂದಿನ ಪ್ರಶ್ನೆಯಲ್ಲಿ ಬರುತ್ತದೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಕಿವಿಯ ಮೇಲೆ ಸರ್ಪಸುತ್ತಿನ ಗುಳ್ಳೆಗಳೆದ್ದು, ಮುಖ ಒಂದು ಕಡೆಗೆ ವಾಲಿದೆ, ತಲೆ ಸುತ್ತುತ್ತಿದೆ, ಆ ಕಿವಿ ಕೇಳಿಸುತ್ತಿಲ್ಲ. ಇವೆಲ್ಲಕ್ಕೂ ಸಂಬಂಧವಿದೆಯೇ?

ಉತ್ತರ: ಇವೆಲ್ಲವೂ ಒಂದೇ ಕಾಯಿಲೆಯ ಲಕ್ಷಣಗಳು. 1907ರಲ್ಲಿ ಇದನ್ನು ವಿವರಿಸಿದ ಅಮೆರಿಕದ ನರರೋಗ ತಜ್ಞ ಜೇಮ್ಸ್ ರಾಮ್ಸೆ ಹಂಟ್ ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಸ್ ಮುಖದ ನರದ ಬುಡದಲ್ಲಿ ದಶಕಗಳ ಕಾಲ ಸುಪ್ತವಾಗಿದ್ದು ಮತ್ತೆ ಎಚ್ಚರಗೊಂಡಿರುತ್ತದೆ. ಪಕ್ಕದಲ್ಲೇ ಹಾದುಹೋಗುವ ಕೇಳುವ ನರಕ್ಕೂ ಸಮತೋಲದ ನರಕ್ಕೂ ಉರಿಯೂತ ಹರಡುತ್ತದೆ. ಇಲ್ಲಿ ವೈರಸ್ ನಿರೋಧಕ ಔಷಧ ಮತ್ತು ಸ್ಟೀರಾಯ್ಡ್ ಎರಡನ್ನೂ ಸಾಧ್ಯವಾದರೆ ಮೂರು ದಿನಗಳೊಳಗೆ ಆರಂಭಿಸಬೇಕು. ಗುಳ್ಳೆಗಳು ಒಣಗಲಿ ಎಂದು ಕಾಯಬೇಡಿ, ಇಂದೇ ಹೊರಡಿ. ಆ ಬದಿಯ ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣು ಒಣಗಿ ಹಾನಿಯಾಗುತ್ತದೆ, ಅದನ್ನೂ ವೈದ್ಯರ ಗಮನಕ್ಕೆ ತನ್ನಿ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಮಂಗನಬಾವು ಜೋರಾಗಿ, ವಾಂತಿ ನಿಲ್ಲದೆ ಎರಡು ದಿನ ಆಸ್ಪತ್ರೆಯಲ್ಲಿಟ್ಟಿದ್ದರು. ಆರು ತಿಂಗಳ ನಂತರ ಅವನಿಗೆ ಎಡಗಿವಿ ಪೂರ್ತಿ ಕೇಳಿಸುವುದಿಲ್ಲವೆಂದು ತಿಳಿಯಿತು. ಇಷ್ಟು ದಿನ ನಮಗೆ ಗೊತ್ತಾಗಲೇ ಇಲ್ಲ ಎಂಬುದೇ ದೊಡ್ಡ ಸಂಕಟ.

ಉತ್ತರ: ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ಮಂಗನಬಾವಿನ ವೈರಸ್ ಕಿವಿಯನ್ನು ಕೆಡಿಸಿದಾಗ ಸಾಮಾನ್ಯವಾಗಿ ಒಂದೇ ಕಿವಿಯನ್ನು, ಹಠಾತ್ತಾಗಿ ಮತ್ತು ತೀವ್ರವಾಗಿ ಕೆಡಿಸುತ್ತದೆ. ಇನ್ನೊಂದು ಕಿವಿ ಚೆನ್ನಾಗಿರುವುದರಿಂದ ಮನೆಯ ಮಾತುಕತೆಯಲ್ಲಿ ಮಗು ಎಲ್ಲಿಯೂ ತಡವರಿಸುವುದಿಲ್ಲ. ಫೋನನ್ನು ಸದಾ ಒಂದೇ ಕಿವಿಗೆ ಹಿಡಿಯುವುದು, ಹಿಂದಿನಿಂದ ಕರೆದರೆ ತಪ್ಪು ದಿಕ್ಕಿಗೆ ತಿರುಗುವುದು, ಇಂತಹ ಸಣ್ಣ ಸಂಗತಿಗಳಿಂದಲೇ ತಿಂಗಳುಗಳ ಮೇಲೆ ಇದು ಬೆಳಕಿಗೆ ಬರುತ್ತದೆ. ಆಸ್ಪತ್ರೆಯಲ್ಲಿದ್ದಾಗ ನಿಲ್ಲದ ವಾಂತಿಯ ಜೊತೆಗೆ ತಲೆಸುತ್ತೂ ಇತ್ತೇ ಎಂದು ನೆನಪಿಸಿಕೊಳ್ಳಿ. ಇದ್ದಿದ್ದರೆ ಒಳಗಿವಿಯ ಸಮತೋಲದ ಭಾಗಕ್ಕೂ ಸೋಂಕು ತಾಕಿದ್ದಿರಬಹುದು.

ಈ ಹಾನಿ ಬಹುಪಾಲು ಶಾಶ್ವತ. ಆದರೆ ಒಂದು ಕಿವಿಯಿಂದ ಮಾತು ಮತ್ತು ಓದು ಎರಡೂ ನಡೆಯುತ್ತವೆ, ಅದಕ್ಕೆ ಅನುಕೂಲ ಮಾಡಿಕೊಡಬೇಕು. ತರಗತಿಯಲ್ಲಿ ಮುಂದಿನ ಸಾಲಿನಲ್ಲಿ, ಬಲಗಿವಿ ಶಿಕ್ಷಕರ ಕಡೆಗಿರುವಂತೆ ಕೂರಿಸಿ. ಗದ್ದಲದಲ್ಲಿ ಅವನಿಗೆ ಹೆಚ್ಚು ಕಷ್ಟವಾಗುತ್ತದೆಂದು ಶಾಲೆಗೆ ಬರವಣಿಗೆಯಲ್ಲಿ ತಿಳಿಸಿ. ರಸ್ತೆ ದಾಟುವಾಗ ಸದ್ದನ್ನು ನಂಬದೆ ಎರಡೂ ಕಡೆ ನೋಡುವುದನ್ನು ಅಭ್ಯಾಸ ಮಾಡಿಸಿ. ಎಡಬದಿಯ ಸದ್ದನ್ನು ಬಲಗಿವಿಗೆ ದಾಟಿಸುವ ಸಾಧನಗಳಿವೆ, ಆಡಿಯಾಲಜಿಸ್ಟ್ ಜೊತೆ ಮಾತನಾಡಿ. ಬಲಗಿವಿಯನ್ನು ಪ್ರತಿ ವರ್ಷ ಪರೀಕ್ಷೆ ಮಾಡಿಸಿ. ಮಂಗನಬಾವು, ದಡಾರ, ರುಬೆಲ್ಲಾ ಮೂರಕ್ಕೂ ಸೇರಿ ಒಂದೇ ಲಸಿಕೆ ಇದೆ. ಈ ಮೂರೂ ಕಿವಿಯನ್ನು ಕೆಡಿಸಬಲ್ಲ ವೈರಸ್‌ಗಳೇ ಆದ್ದರಿಂದ ಮನೆಯ ಇತರ ಮಕ್ಕಳಿಗೆ ಅದು ಆಗಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಮಗು ಹುಟ್ಟಿದಾಗ ತೂಕ ಕಡಿಮೆಯಿತ್ತು, ಒಂಬತ್ತು ದಿನ ನವಜಾತ ಶಿಶುಗಳ ಐಸಿಯುನಲ್ಲಿತ್ತು. ಸಿಎಂವಿ ಎಂಬ ವೈರಸ್ ಇದೆ ಎಂದರು. ಕಿವಿಯ ಪರೀಕ್ಷೆಯಲ್ಲಿ ‘ಪಾಸ್’ ಎಂದು ಬಂದಿದೆ. ಇನ್ನು ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಒಮ್ಮೆ ಪಾಸಾದದ್ದು ಸಂತೋಷದ ವಿಷಯ, ಆದರೆ ಅಲ್ಲಿಗೇ ನಿಲ್ಲಿಸಬಾರದು. ತಾಯಿಯ ಗರ್ಭದಲ್ಲೇ ಮಗುವಿಗೆ ತಗುಲುವ ಸೈಟೊಮೆಗಾಲೊ ವೈರಸ್, ಮಕ್ಕಳ ಕಿವುಡುತನಕ್ಕೆ ವಂಶವಾಹಿಯದಲ್ಲದ ಕಾರಣಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಇದು ಕಪಟಿ ವೈರಸ್: ಹುಟ್ಟಿದಾಗ ಚೆನ್ನಾಗಿದ್ದ ಕಿವಿ ತಿಂಗಳುಗಳ ಅಥವಾ ವರ್ಷಗಳ ನಂತರ ಕೆಡಬಹುದು, ಮೊದಲು ಒಂದು, ಆಮೇಲೆ ಇನ್ನೊಂದು. ಹುಟ್ಟುವಾಗ ಯಾವ ಲಕ್ಷಣವೂ ಇಲ್ಲದ ಸೋಂಕಿತ ಮಕ್ಕಳಲ್ಲೂ ನೂರಕ್ಕೆ ಹತ್ತರಿಂದ ಹದಿನೈದು ಮಕ್ಕಳಿಗೆ ಮುಂದೆ ಶ್ರವಣದೋಷ ಬರುತ್ತದೆ. ಲಕ್ಷಣಗಳಿದ್ದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಆದ್ದರಿಂದ ಶಾಲೆಗೆ ಸೇರುವ ವಯಸ್ಸಿನವರೆಗೂ ವೈದ್ಯರು ಹೇಳಿದ ಅಂತರದಲ್ಲಿ ಪರೀಕ್ಷೆ ಮಾಡಿಸುತ್ತಲೇ ಇರಬೇಕು.

ಯಾವ ಪರೀಕ್ಷೆ ಮಾಡಿದರು ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ರೋಮಕೋಶಗಳು ತಾವೇ ಹೊರಡಿಸುವ ಅತಿ ಸಣ್ಣ ಪ್ರತಿಧ್ವನಿಯನ್ನು ಹಿಡಿಯುವ ಪರೀಕ್ಷೆ ಒಂದು. ಮಗು ನಿದ್ದೆಯಲ್ಲಿದ್ದಾಗ ತಲೆಗೆ ತಂತಿ ಅಂಟಿಸಿ, ಸದ್ದಿಗೆ ನರ ಮತ್ತು ಮಿದುಳಿನ ಕಾಂಡ ಕೊಡುವ ವಿದ್ಯುತ್ ಪ್ರತಿಕ್ರಿಯೆಯನ್ನು ದಾಖಲಿಸುವ ‘ಬೆರಾ’ ಪರೀಕ್ಷೆ ಇನ್ನೊಂದು. ಐದು ದಿನಕ್ಕಿಂತ ಹೆಚ್ಚು ಐಸಿಯುನಲ್ಲಿದ್ದ ಶಿಶುಗಳಿಗೆ ಎರಡನೆಯದೇ ಆಗಬೇಕು, ಏಕೆಂದರೆ ಕಾಕ್ಲಿಯಾ ಚೆನ್ನಾಗಿದ್ದು ನರದಲ್ಲಿ ಮಾತ್ರ ತೊಂದರೆಯಿದ್ದರೆ ಮೊದಲನೆಯದು ಅದನ್ನು ಕಾಣುವುದಿಲ್ಲ.

ಈ ವೈರಸ್ಸಿನ ವಿಷಯದಲ್ಲಿ ದಿನಗಳ ಲೆಕ್ಕ ಮುಖ್ಯ. ಮಗುವಿನ ಮೂತ್ರ ಅಥವಾ ಜೊಲ್ಲಿನಲ್ಲಿ ವೈರಸ್ ಇದೆಯೇ ಎಂದು ಹುಟ್ಟಿದ 21 ದಿನಗಳೊಳಗೆ ನೋಡಬೇಕು. ಆ ಮೇಲೆ ಸಿಕ್ಕಿದರೆ ಅದು ಗರ್ಭದಲ್ಲಿ ಬಂದದ್ದೋ ಹುಟ್ಟಿದ ಮೇಲೆ ತಗುಲಿದ್ದೋ ಹೇಳುವುದು ಕಷ್ಟ. ಲಕ್ಷಣಗಳಿರುವ ಮಕ್ಕಳಿಗೆ ವಾಲ್‌ಗ್ಯಾನ್‌ಸಿಕ್ಲೊವಿರ್ ಎಂಬ ಔಷಧವನ್ನು ಮೊದಲ ತಿಂಗಳಲ್ಲೇ ಆರಂಭಿಸಿ ಆರು ತಿಂಗಳು ಕೊಟ್ಟರೆ ಶ್ರವಣಕ್ಕೆ ಸ್ವಲ್ಪಮಟ್ಟಿಗೆ ರಕ್ಷಣೆ ಸಿಗುತ್ತದೆ. ಬಿಳಿ ರಕ್ತಕಣಗಳನ್ನು ತಗ್ಗಿಸುವ ಔಷಧವಾದ್ದರಿಂದ ಆಗಾಗ ರಕ್ತಪರೀಕ್ಷೆ ಬೇಕು. ನಿಮ್ಮ ಮಗುವಿಗೆ ಅದು ಬೇಕೇ ಬೇಡವೇ ಎಂಬುದನ್ನು ಮಕ್ಕಳ ವೈದ್ಯರು ನಿರ್ಧರಿಸಬೇಕು. ನೀವಾಗಿ ಕೇಳುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ನಾನು ಸೋಂಕುರೋಗಗಳ ವಾರ್ಡಿನಲ್ಲಿ ನರ್ಸ್. ಮಾಸ್ಕ್ ಹಾಕಿಕೊಂಡು ನಾವು ಹೇಳುವುದು ಎಷ್ಟೋ ರೋಗಿಗಳಿಗೆ ತಿಳಿಯುವುದೇ ಇಲ್ಲ. ಕಿರುಚಿ ಹೇಳಿದರೆ ಬೈದಂತಾಗುತ್ತದೆ. ವಾರ್ಡಿನಲ್ಲೇ ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಇಂದಿನ ಪತ್ರಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ನಿಮ್ಮ ಪ್ರಶ್ನೆ. ನಾನು ತರಬೇತಿಯಲ್ಲಿದ್ದಾಗ ಇನ್‌ಫ್ಲುಯೆಂಜಾ ನ್ಯುಮೋನಿಯಾದಿಂದ ಮಲಗಿದ್ದ ಒಬ್ಬ ವೃದ್ಧೆಯನ್ನು ನೋಡಲು ಕರೆ ಬಂದಿತ್ತು. ‘ರೋಗಿ ಗೊಂದಲದಲ್ಲಿದ್ದಾರೆ, ಸೂಚನೆ ಪಾಲಿಸುತ್ತಿಲ್ಲ’ ಎಂದು ಕೇಸ್ ಶೀಟಿನಲ್ಲಿ ಮೂರು ದಿನ ಮೂರು ಕೈಬರಹಗಳಲ್ಲಿ ಬರೆದಿತ್ತು. ಯಾರೇನು ಕೇಳಿದರೂ ಆಕೆ ನಗುತ್ತ ತಲೆಯಾಡಿಸುತ್ತಿದ್ದರು. ಕಿವಿಯೊಳಗೆ ಬೆಳಕು ಹಾಕಿದರೆ ಎರಡೂ ಕಡೆ ಕಪ್ಪಾಗಿ ಕಲ್ಲಿನಂತಾದ ಗುಗ್ಗೆ. ಎಣ್ಣೆಯ ಹನಿ ಹಾಕಿ ಮೃದುಮಾಡಿ, ಮರುದಿನ ಬಲಗಿವಿಯದನ್ನು ತೆಗೆದ ಕೂಡಲೇ ಆಕೆ ತಲೆಯೆತ್ತಿ, ತಲೆದಿಂಬಿನ ಹಿಂದಿದ್ದ ಮಾನಿಟರ್ ಕಡೆ ತಿರುಗಿ, ‘ಅದೇನಪ್ಪ ಅದು, ಕುಂಯ್ ಕುಂಯ್ ಅಂತಿದೆ?’ ಎಂದು ಕೇಳಿದರು. ಆರು ದಿನಗಳಿಂದ ಆ ಯಂತ್ರ ಅವರ ತಲೆಯ ಹತ್ತಿರವೇ ಸದ್ದು ಮಾಡುತ್ತಿತ್ತು. ಆ ಸಂಜೆ ಉಸಿರಾಟದ ವ್ಯಾಯಾಮವನ್ನು ಆಕೆ ಹೇಳಿದಂತೆಯೇ ಮಾಡಿದರು.

ಕೇಳಿಸದ ರೋಗಿಗೆ ಸನ್ನಿ ಹಿಡಿಯುವ ಅಪಾಯ ಹೆಚ್ಚು. ಹಗಲು ಯಾವುದು, ಸುತ್ತ ನಡೆಯುತ್ತಿರುವುದೇನು ಎಂಬ ಸುಳಿವುಗಳು ಕಿವಿಯಿಂದಲೂ ಬರಬೇಕಲ್ಲವೇ? ಮಾಸ್ಕ್ ಇನ್ನೊಂದು ತೊಡಕು. ಸಾಧಾರಣ ಶಸ್ತ್ರಚಿಕಿತ್ಸಾ ಮಾಸ್ಕ್ ಹೆಚ್ಚಿನ ಕಂಪನಾಂಕಗಳಲ್ಲಿ ಮೂರು ನಾಲ್ಕು ಡೆಸಿಬೆಲ್‌ನಷ್ಟು ಸದ್ದನ್ನು ತಗ್ಗಿಸಿದರೆ, ಎನ್-95 ಮಾಸ್ಕ್ ಸುಮಾರು 12 ಡೆಸಿಬೆಲ್‌ವರೆಗೂ ತಗ್ಗಿಸಬಹುದು. ಮೊದಲ ಉತ್ತರದಲ್ಲಿ ಹೇಳಿದ ‘ಹಾಲು, ಕಾಲು, ಸಾಲು’ಗಳ ವ್ಯತ್ಯಾಸ ಅಳಿಸಿಹೋಗುವುದು ಇಲ್ಲಿಯೇ, ಅದರ ಮೇಲೆ ತುಟಿಯೂ ಕಾಣುವುದಿಲ್ಲ. ವಾರ್ಡಿನ ಗದ್ದಲವೂ ಸೇರಿಕೊಳ್ಳುತ್ತದೆ. ಆಸ್ಪತ್ರೆಯ ಕೋಣೆಗಳಲ್ಲಿ ಸದ್ದು ಸರಾಸರಿ 35 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಐಸಿಯುಗಳಲ್ಲಿ ಅದು 50ರ ಮೇಲೇ ಇರುವುದು ಸಾಮಾನ್ಯ.

ಕಿರುಚುವುದರಿಂದ ಸ್ವರಗಳಷ್ಟೇ ದೊಡ್ಡದಾಗುತ್ತವೆ, ಮಾತು ಸ್ಪಷ್ಟವಾಗುವುದಿಲ್ಲ. ಆದ್ದರಿಂದ ನಿಮ್ಮ ಹಿಂಜರಿಕೆ ಸರಿಯಾದದ್ದೇ. ಎದುರಿಗೆ ಬೆಳಕಿನಲ್ಲಿ ನಿಂತು, ಮೊದಲು ಮೆಲ್ಲಗೆ ಕೈ ಮುಟ್ಟಿ ಗಮನ ಸೆಳೆದು, ಚಿಕ್ಕ ವಾಕ್ಯಗಳಲ್ಲಿ ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದೇ ಮಾತನ್ನು ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ. ‘ತಿಳಿಯಿತೇ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಈಗ ನಾನು ಹೇಳಿದ್ದನ್ನು ನೀವು ಹೇಳಿ’ ಎನ್ನಿ. ಓದಬಲ್ಲವರಿಗೆ ದಪ್ಪ ಅಕ್ಷರಗಳಲ್ಲಿ ಬರೆದು ತೋರಿಸಲು ಒಂದು ಹಲಗೆಯನ್ನು ಹಾಸಿಗೆಗೆ ಕಟ್ಟಿಡಿ. ಹೆಡ್‌ಫೋನ್ ಇರುವ, ಕೈಯಲ್ಲಿ ಹಿಡಿಯುವ ಸಣ್ಣ ಧ್ವನಿವರ್ಧಕವೊಂದು ವಾರ್ಡಿನಲ್ಲಿದ್ದರೆ ಹತ್ತಾರು ರೋಗಿಗಳಿಗೆ ಆಗುತ್ತದೆ. ಒಬ್ಬರಿಂದ ಒಬ್ಬರಿಗೆ ಕೊಡುವಾಗ ಒರೆಸಿ ಸೋಂಕುರಹಿತಗೊಳಿಸಬೇಕು ಅಷ್ಟೇ. ದಾಖಲಾತಿಯ ದಿನವೇ ‘ಶ್ರವಣ ಸಾಧನ ಬಳಸುತ್ತೀರಾ?’ ಎಂದು ಕೇಳಿ ಕೇಸ್ ಶೀಟಿನ ಮೊದಲ ಪುಟದಲ್ಲಿ ಬರೆಯಿರಿ. ಮನೆಯಲ್ಲಿ ಬಿಟ್ಟು ಬಂದಿದ್ದರೆ ತರಿಸಿ. ಸ್ಕ್ಯಾನ್‌ಗೆ ಕಳುಹಿಸುವಾಗ ಅದನ್ನು ತೆಗೆದು ಕಾಗದದಲ್ಲಿ ಸುತ್ತಿ ತಲೆದಿಂಬಿನ ಕೆಳಗೆ ಇಡುತ್ತಾರೆ, ಹೊದಿಕೆ ಬದಲಿಸುವವರು ಅದನ್ನು ಬಟ್ಟೆಯ ಜೊತೆಗೇ ಒಯ್ಯುತ್ತಾರೆ. ಹೀಗೆ ಕಳೆದುಹೋದ ಸಾಧನಗಳನ್ನು ಹುಡುಕುತ್ತ ನನ್ನ ಬಳಿಗೆ ಬಂದವರು ಒಬ್ಬಿಬ್ಬರಲ್ಲ. ರೋಗಿಯ ಹೆಸರು ಬರೆದ, ಮುಚ್ಚಳವಿರುವ ಒಂದು ಡಬ್ಬಿ ಸಾಕು, ಹಾಸಿಗೆಯ ಪಕ್ಕದ ಮೇಜಿನ ಮೇಲೆ ಅದಕ್ಕೊಂದು ಗೊತ್ತಾದ ಜಾಗವಿರಲಿ.